ಊರಿಗೆ ಬೆಂಕಿ ಬಿದ್ದಾಗ

ಹಂಪಿಗೆ ಹೋದವರು ಮಹಾನವಮಿ ದಿಬ್ಬವನ್ನು ಹತ್ತಿ ಇಳಿಯುತ್ತಾರೆ, ಮೆಟ್ಟಿಲು ಮೆಟ್ಟಿಲಾದ ಪುಷ್ಕರಣಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲೇ ಹತ್ತಿರದಲ್ಲಿರುವ ಒಂದು ವಿಶಾಲವಾದ ಕಲ್ಲಿನ ಜಗಲಿಯ ಕಡೆ ಹೆಚ್ಚಿನವರು ತಿರುಗಿಯೂ ನೋಡುವುದಿಲ್ಲ. ನೋಡಲು ಅಲ್ಲಿ ಗೋಡೆಯಿಲ್ಲ, ಕಂಬವಿಲ್ಲ, ಸೂರಿಲ್ಲ. ಕಂಬ ನಿಲ್ಲಿಸಿದ್ದ ಗುರುತುಗಳು ಮಾತ್ರ ಇವೆ. ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು. ಇದು ವಿಜಯನಗರದ ಅರಸರ ಸಭಾಮಂಟಪ ಎನ್ನುತ್ತಾರೆ. ಆ ನೂರು ಕಂಬಗಳೂ ಮರದವು. ಮರ ಸುಟ್ಟುಹೋಯಿತು, ಅದನ್ನು ಹೊತ್ತಿದ್ದ ಕಲ್ಲು ಉಳಿಯಿತು.

ರಾಜಾಂಗಣದಲ್ಲಿ ಇಂಥ ಬೋಳು ಜಗಲಿಗಳು ಹತ್ತಾರಿವೆ. ಪುರಾತತ್ವದವರು ಅಗೆದಾಗ ಅವುಗಳ ಸುತ್ತ ಇದ್ದಿಲೂ ಬೂದಿಯೂ ಸಿಕ್ಕಿದ್ದುಂಟು. ನಾವು ಇಂದು 'ಕಲ್ಲಿನ ಹಂಪಿ' ಎಂದು ಹೆಮ್ಮೆಪಡುತ್ತೇವೆ. ನಿಜವಾಗಿ ನೋಡಿದರೆ ಅರಸರು ಬದುಕಿದ್ದು, ಊರವರು ಬದುಕಿದ್ದು ಮರದ, ಮಣ್ಣಿನ, ಹುಲ್ಲಿನ ಹಂಪಿಯಲ್ಲಿ. ದೇವರಿಗೆ ಮಾತ್ರ ಕಲ್ಲಿನ ಮನೆ. 16ನೇ ಶತಮಾನದ ಆರಂಭದಲ್ಲಿ ಈ ನಗರವನ್ನು ಬಣ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ, ಇಲ್ಲಿನ ಜನರ ಮನೆಗಳಿಗೆ ಹುಲ್ಲಿನ ಹೊದಿಕೆ ಇತ್ತೆಂದೂ, ಆದರೂ ಅವು ಅಚ್ಚುಕಟ್ಟಾಗಿದ್ದವೆಂದೂ, ಕಸುಬಿಗೆ ತಕ್ಕಂತೆ ಉದ್ದುದ್ದ ಬೀದಿಗಳಲ್ಲಿ ಹರಡಿಕೊಂಡು ನಡುನಡುವೆ ಬಯಲು ಬಿಟ್ಟಿದ್ದರೆಂದೂ ಬರೆದಿದ್ದಾನೆ.

ಆ ನಡುನಡುವಿನ ಬಯಲು ನನ್ನ ಕುತೂಹಲ ಕೆರಳಿಸುತ್ತದೆ. ಹುಲ್ಲಿನ ಸೂರಿನ ಊರಿನಲ್ಲಿ ಬಯಲೆಂದರೆ ಬರಿಯ ಅಂದವಲ್ಲ. ಒಂದು ಬೀದಿಯ ಕಿಡಿ ಇನ್ನೊಂದು ಬೀದಿಗೆ ಹಾರದಂತೆ ತಡೆಯುವುದು ಅದೇ. ಅರಮನೆ, ಆನೆಲಾಯ, ಬಜಾರುಗಳ ಬಗ್ಗೆ ನಮ್ಮಲ್ಲಿ ಪುಸ್ತಕಗಳು ಸಾಕಷ್ಟಿವೆ. ಆದರೆ ಬೆಂಕಿ ಬಿದ್ದಾಗ ಊರು ಏನು ಮಾಡುತ್ತಿತ್ತು, ಯಾರು ಓಡಿಬರುತ್ತಿದ್ದರು, ನೀರು ಎಲ್ಲಿಂದ ತರುತ್ತಿದ್ದರು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡ ಸಮಾಜವೊಂದಿದೆ: ಅಮೆರಿಕದ ಸಣ್ಣ ಊರುಗಳದು. ಅಲ್ಲಿನ ಪುಟ್ಟ ಪಟ್ಟಣಗಳಲ್ಲಿ ಚರ್ಚು, ಶಾಲೆ, ಪುರಭವನಗಳ ಜತೆಗೆ ಊರವರು ಅಭಿಮಾನದಿಂದ ತೋರಿಸುವ ಇನ್ನೊಂದು ಕಟ್ಟಡವೆಂದರೆ ಹಳೆಯ ಅಗ್ನಿಶಾಮಕ ಠಾಣೆ. ಕೆಂಪು ಇಟ್ಟಿಗೆಯ ಕಟ್ಟಡ, ಬಂಡಿ ಹೊರಡಲು ಅಗಲವಾದ ಬಾಗಿಲು, ಮೇಲೊಂದು ಗೋಪುರ. ಗೋಪುರದಲ್ಲಿ ಗಂಟೆ ಇರುತ್ತಿತ್ತು. ಒದ್ದೆಯಾದ ಕ್ಯಾನ್ವಾಸ್ ಕೊಳವೆಗಳನ್ನು ಅದರೊಳಗೇ ಉದ್ದಕ್ಕೆ ಇಳಿಬಿಟ್ಟು ಒಣಗಿಸುತ್ತಿದ್ದರು. ಹಾಗೆ ಒಣಗಿಸದಿದ್ದರೆ ಬಟ್ಟೆ ಕೊಳೆತು, ಬೇಕಾದ ಹೊತ್ತಿಗೆ ಕೊಳವೆ ಹರಿಯುತ್ತಿತ್ತು. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ನೆರೆಹೊರೆಯವರನ್ನು ಸೇರಿಸಿ ಒಂದು ಅಗ್ನಿಶಾಮಕ ಸಂಘ ಕಟ್ಟಿದ. ಸದಸ್ಯರು ಚರ್ಮದ ಬಕೆಟ್‌ಗಳನ್ನೂ, ಸುಡುವ ಮನೆಯ ಸಾಮಾನು ತುಂಬಿ ಹೊರಗೆ ಸಾಗಿಸಲು ಚೀಲಗಳನ್ನೂ ಸದಾ ಸಿದ್ಧವಾಗಿಟ್ಟುಕೊಳ್ಳಬೇಕಾಗಿತ್ತು. ಸಂಬಳದ ನೌಕರರೇ ಇರುವ ದಳ ಬಂದದ್ದು ಎಷ್ಟೋ ಕಾಲದ ಮೇಲೆ, 1853ರಲ್ಲಿ ಸಿನ್ಸಿನಾಟಿ ನಗರದಲ್ಲಿ. ಇಂದಿಗೂ ಅಮೆರಿಕದ ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಅವರಲ್ಲಿ ಅಂಗಡಿಯವರು, ಮೇಷ್ಟರು, ರೈತರು ಎಲ್ಲರೂ ಇದ್ದಾರೆ. ಠಾಣೆಯಲ್ಲೇ ಊರೂಟ ಏರ್ಪಡಿಸಿ, ಬಂದ ಹಣದಲ್ಲಿ ಹೊಸ ಪಂಪು ಕೊಳ್ಳುವ ಊರುಗಳಿವೆ. ಠಾಣೆ ಹಳತಾದರೆ ಕೆಡವದೆ ವಸ್ತುಸಂಗ್ರಹಾಲಯ ಮಾಡುವವರೂ ಇದ್ದಾರೆ.

ಇದೆಲ್ಲ ಪಶ್ಚಿಮದವರ ಕಥೆ, ನಮ್ಮಲ್ಲಿ ಇದರ ಯೋಚನೆಯೇ ಇರಲಿಲ್ಲ ಎಂದುಕೊಂಡರೆ ತಪ್ಪು. 1905ರಲ್ಲಿ ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಬೆಂಕಿಯ ಕುರಿತು ಇರುವ ಕಟ್ಟಳೆಗಳನ್ನು ಓದಬೇಕು. ಬೇಸಗೆಯಲ್ಲಿ ಹಗಲಿನ ನಡುಹೊತ್ತಿನಲ್ಲಿ ಒಲೆ ಹಚ್ಚುವಂತಿಲ್ಲ, ಅಡುಗೆ ಮಾಡಲೇಬೇಕಾದರೆ ಮನೆಯ ಹೊರಗೆ. ಪ್ರತಿ ಮನೆಯಲ್ಲೂ ನೀರಿನ ಗಡಿಗೆಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ಸೂರಿನ ಹುಲ್ಲು ಕೀಳುವ ಸಾಧನ, ಚರ್ಮದ ಚೀಲ ಇರಬೇಕು, ಇಲ್ಲದಿದ್ದರೆ ದಂಡ. ಕಮ್ಮಾರರಂತೆ ಬೆಂಕಿಯೊಡನೆ ದುಡಿಯುವವರೆಲ್ಲ ಒಂದೇ ಕಡೆ ವಾಸಿಸಬೇಕು. ದೊಡ್ಡ ಬೀದಿಗಳಲ್ಲಿ, ಚೌಕಗಳಲ್ಲಿ, ಬಾಗಿಲುಗಳಲ್ಲಿ ಸಾವಿರಗಟ್ಟಲೆ ನೀರಿನ ಮಡಕೆಗಳನ್ನು ಸಾಲಾಗಿ ಇಟ್ಟಿರಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಬೆಂಕಿ ಬಿದ್ದ ಕಡೆ ಓಡಿಬರದ ಮನೆಯೊಡೆಯನಿಗೆ 12 ಪಣ ದಂಡ, ಬಾಡಿಗೆಗಿದ್ದವನಿಗೆ 6 ಪಣ. ಉರಿಯುತ್ತಿರುವುದು ನನ್ನ ಮನೆಯಲ್ಲವಲ್ಲ ಎಂದು ಜಗಲಿಯಲ್ಲಿ ಕುಳಿತಿರುವವನನ್ನೂ ಕೌಟಿಲ್ಯ ತಪ್ಪಿತಸ್ಥನೆಂದೇ ಎಣಿಸುತ್ತಾನೆ. ಬಾಡಿಗೆಯವನಿಗೆ ದಂಡ ಅರ್ಧವಾದರೂ ಅವನಿಗೂ ವಿನಾಯಿತಿ ಇಲ್ಲ. ಇದು ಕಾಗದದ ಮೇಲಿನ ಕಟ್ಟಳೆಯೋ, ಎಲ್ಲಾದರೂ ನಡೆಯುತ್ತಿದ್ದ ಪದ್ಧತಿಯೋ ಎಂಬ ವಾದ ಇದ್ದೇ ಇದೆ. ಆದರೆ ಫ್ರಾಂಕ್ಲಿನ್ ನೆರೆಯವರನ್ನು ಒಪ್ಪಿಸಿ ಮಾಡಿಸಿದ್ದನ್ನು ಕೌಟಿಲ್ಯ ದಂಡ ಹಾಕಿ ಮಾಡಿಸಲು ಹೊರಟಿದ್ದ ಎಂಬುದಂತೂ ಸ್ಪಷ್ಟ.

ಕೊಕ್ಕೆ, ಹುಲ್ಲು ಕೀಳುವ ಸಾಧನ ಎಂದಾಗ ನಮ್ಮ ಗಾದೆಯೊಂದು ನೆನಪಾಗುತ್ತದೆ. ಕಷ್ಟದಲ್ಲಿ ಲಾಭ ಹುಡುಕುವವನನ್ನು 'ಉರಿಯುವ ಮನೆಯಲ್ಲಿ ಗಳ ಹಿರಿಯುವವನು' ಎನ್ನುತ್ತೇವೆ. ಆದರೆ ಗಳ ಹಿರಿಯುವುದು, ಹುಲ್ಲು ಕೀಳುವುದು ಬೆಂಕಿ ಆರಿಸುವ ಅತಿ ಹಳೆಯ ಉಪಾಯವೂ ಹೌದು. ಪಂಪು ಇಲ್ಲದ ಕಾಲದಲ್ಲಿ ಉರಿಯುವ ಮನೆಯನ್ನು ಉಳಿಸುವುದು ಅಸಾಧ್ಯ. ಪಕ್ಕದ ಮನೆಯ ಸೂರನ್ನು ಎಳೆದುಹಾಕಿ ಬೆಂಕಿಗೆ ಮೇವು ಸಿಗದಂತೆ ಮಾಡುವುದಷ್ಟೇ ಸಾಧ್ಯ. 1666ರ ಮಹಾಗ್ನಿಯಲ್ಲಿ ಲಂಡನ್ನಿನವರು ಮಾಡಲು ಹೊರಟದ್ದೂ ಇದನ್ನೇ. ನಿಜಕ್ಕೂ ಗಳ ಹಿರಿದವರಲ್ಲಿ ಕಳ್ಳರೆಷ್ಟು, ನೆರವಿಗೆ ಬಂದವರೆಷ್ಟು ಎಂಬುದನ್ನು ಗಾದೆ ಹೇಳುವುದಿಲ್ಲ.

ವಿಜಯನಗರಕ್ಕೆ ಮರಳೋಣ. ಇಲ್ಲಿ ಬೆಂಕಿಯ ಭಯಕ್ಕೆ ಕಾರಣಗಳು ಕಡಿಮೆ ಇರಲಿಲ್ಲ. ಮಹಾನವಮಿಯ ಒಂಬತ್ತು ದಿನ ರಾತ್ರಿಯೆಲ್ಲ ದೀವಟಿಗೆ, ಬಾಣಬಿರುಸು. ಕೃಷ್ಣದೇವರಾಯನ ಕಾಲದಲ್ಲಿ ಬಂದ ದೊಮಿಂಗೊ ಪಾಯೆಸ್ ಅವನ್ನು ಬೆರಗಿನಿಂದ ವಿವರಿಸಿದ್ದಾನೆ. ಹುಲ್ಲಿನ ಸೂರುಗಳ ನಡುವೆ ಬಾಣಬಿರುಸು ಎಂದರೆ ಯಾರಾದರೂ ಎಚ್ಚರವಾಗಿ ಇರಲೇಬೇಕಷ್ಟೆ. ಕಾವಲಿನವರು ಇದ್ದದ್ದಂತೂ ನಿಜ. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್, ನಗರಾಧಿಕಾರಿಯ ಕೈಕೆಳಗೆ 12,000 ಮಂದಿ ಇದ್ದರೆಂದೂ, ಅವರ ದಿನದ ವೇತನ 12,000 ಹಣ ವೇಶ್ಯಾಗೃಹಗಳ ತೆರಿಗೆಯಿಂದ ಬರುತ್ತಿತ್ತೆಂದೂ ಬರೆದಿದ್ದಾನೆ. ಏಳು ಸುತ್ತಿನ ಕೋಟೆಯೊಳಗೆ ನಡೆಯುವುದೆಲ್ಲ ಅವರಿಗೆ ತಿಳಿದಿರಬೇಕು. ಕಳವಾದ ವಸ್ತುವನ್ನು ಪತ್ತೆ ಹಚ್ಚದಿದ್ದರೆ ಅವರೇ ದಂಡ ತೆರಬೇಕು. ಸಂಖ್ಯೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು, ವ್ಯವಸ್ಥೆ ಸುಳ್ಳಲ್ಲ.

ನೀರಿಗಂತೂ ಕೊರತೆ ಇರಲಿಲ್ಲ. ಕಮಲಾಪುರದ ಕೆರೆಯ ನೀರು, ಕಲ್ಲಿನ ಕಂಬಗಳ ಮೇಲೆ ಹಾಯುವ ಕಾಲುವೆ, ರಾಜಾಂಗಣದೊಳಗೆ ಬಾವಿ, ಕೊಳ, ದೊಡ್ಡ ಈಜುಗೊಳ. 1980ರ ದಶಕದಲ್ಲಿ ಮಣ್ಣಿನೊಳಗಿಂದ ಹೊರಬಂದ ಆ ಚೆಲುವಾದ ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕೆಂದು ಶಿಲ್ಪಿಗಳು ಕೊರೆದ ಗುರುತುಗಳನ್ನು ಈಗಲೂ ಕಾಣಬಹುದು. ಅಷ್ಟು ಲೆಕ್ಕಾಚಾರದ ಜನ ಅವರು. ವಿಜಯನಗರದ ಕಾಲದ ತುರ್ತಾ ಕಾಲುವೆ ಇಂದಿಗೂ ಹಂಪಿಯ ಬಾಳೆತೋಟಗಳಿಗೆ ನೀರುಣಿಸುತ್ತಿದೆ.

ನೀರಿತ್ತು, ಕಾವಲಿತ್ತು, ಆದರೂ ನಗರ ಸುಟ್ಟಿತು. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಬಳಿ ರಾಮರಾಯ ಮಡಿದ ಸುದ್ದಿ ಬಂದಾಗ ತಿರುಮಲರಾಯ ಅರಸು ಪರಿವಾರವನ್ನೂ ಭಂಡಾರವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಯ ದಾರಿ ಹಿಡಿದ. ಕಾವಲಿನವರು ಚದುರಿದರು. ಉಳಿದವರು ಕಾಡು ಸೇರಿದರು, ಹೊಳೆ ದಾಟಿದರು. ಆಮೇಲೆ ಬಂದವರು ಇಟ್ಟ ಬೆಂಕಿಯನ್ನು ಆರಿಸಲು ಊರಲ್ಲಿ ಊರವರೇ ಇರಲಿಲ್ಲ. ಕಾಲುವೆಯಲ್ಲಿ ನೀರು ಹರಿಯುತ್ತಲೇ ಇದ್ದಿರಬೇಕು. ಒಂದು ಕೊಡ ಮೊಗೆಯಲು ಕೈ ಇರಲಿಲ್ಲ.

ಕಲ್ಲಿಗೂ ಬೆಂಕಿ ಬಡಿಯಿತು. ಗ್ರಾನೈಟ್ ಸುಡುವುದಿಲ್ಲ ನಿಜ, ಆದರೆ ಕಾದಾಗ ಅದರೊಳಗಿನ ಬೆಣಚುಕಲ್ಲಿನ ಹರಳುಗಳು ಉಬ್ಬುತ್ತವೆ. ಸುಮಾರು 573 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹರಳಿನ ರಚನೆಯೇ ಬದಲಾಗಿ ಕಲ್ಲು ಸೀಳುತ್ತದೆ, ಚಕ್ಕೆ ಏಳುತ್ತದೆ. ನಮ್ಮ ಕಲ್ಲುಕುಟಿಗರಿಗೆ ಇದು ಯಾವ ವಿಜ್ಞಾನಿಯೂ ಹೇಳಿಕೊಡದ ವಿದ್ಯೆ. ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುವುದು ಅವರ ಹಳೆಯ ಕಸುಬು. ವಿಠ್ಠಲ ದೇವಾಲಯದ ಕಂಬಗಳ ನಡುವೆ ದೊಡ್ಡ ಬೆಂಕಿ ಹಾಕಿದ್ದರ ಗುರುತುಗಳನ್ನು ವಿದ್ವಾಂಸರು ತೋರಿಸಿದ್ದಾರೆ. ಹಾಗೆಂದು ಇಡೀ ನಗರ ಒಂದೇ ಸಮ ಸುಟ್ಟಿತೆಂದು ತಿಳಿಯಬಾರದು. ವಿರೂಪಾಕ್ಷನ ಗುಡಿ ಉಳಿಯಿತು, ಪೂಜೆಯೂ ನಡೆದುಬಂತು. ಎರಡು ವರ್ಷ ಕಳೆದು 1567ರಲ್ಲಿ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫೆಡ್ರಿಚಿ ಕಂಡದ್ದು ನಿಂತೇ ಇದ್ದ ಮನೆಗಳನ್ನು. ಮನೆಗಳಿದ್ದವು, ಒಳಗೆ ಜನರಿರಲಿಲ್ಲ. ಹುಲಿ ಮುಂತಾದ ಕಾಡುಮೃಗಗಳು ವಾಸವಾಗಿವೆ ಎಂದು ಜನ ಹೇಳುವುದನ್ನು ಅವನು ಕೇಳಿಸಿಕೊಂಡ.

ರಾಜಧಾನಿ ಹಾಳಾದರೂ ಸುತ್ತಣ ಹಳ್ಳಿಗಳು ಬದುಕಿದವು. ಅಲ್ಲಿ ಬೆಂಕಿ ಕಾಯುವ ಕೆಲಸ ಆಯಗಾರರದು. ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ತಳವಾರ ರಾತ್ರಿ ಗಸ್ತು ತಿರುಗುವವನು, ನೀರಗಂಟಿ ಕೆರೆಯ ತೂಬು ನೋಡಿಕೊಳ್ಳುವವನು. ಬೆಂಕಿ ಬಿದ್ದರೆ ಮೊದಲ ಕೂಗು ತಳವಾರನದು. ಬಳ್ಳಾರಿ ಸೀಮೆಯ ಮನೆಗಳಿಗೆ ಬೆಂಕಿಯ ಕಾಟ ಅಷ್ಟಿಲ್ಲ. ಜಂತೆಯ ಮೇಲೆ ದಪ್ಪನಾಗಿ ಮಣ್ಣು ಹಾಕಿದ ಮಾಳಿಗೆ, ಬಿಸಿಲಿಗೂ ತಂಪು, ಕಿಡಿಗೂ ಅಡ್ಡಿ. ಇಲ್ಲಿನವರ ಭಯವೆಲ್ಲ ಬಣವೆಯದು. ಸುಗ್ಗಿ ಮುಗಿದು ಮೇವು ಒಟ್ಟಿದ ಮೇಲೆ ಒಂದು ಬೀಡಿಯ ತುಂಡು ಸಾಕು, ವರ್ಷವಿಡೀ ದನಗಳಿಗೆ ಉಪವಾಸ. ಆದ್ದರಿಂದಲೇ ಬಣವೆ ಒಟ್ಟುವುದು ಮನೆಯಿಂದ ದೂರ, ಕಣದಲ್ಲಿ. ಬಣವೆ ಸುಟ್ಟವನಿಗೆ ಮನೆಗೊಂದು ಹೊರೆ ಮೇವು ಕೊಡುವ ಪದ್ಧತಿ ಅನೇಕ ಹಳ್ಳಿಗಳಲ್ಲಿತ್ತು. ವಿಮೆ ಎಂಬ ಪದ ತಿಳಿಯದ ಜನ ಮಾಡಿಕೊಂಡ ವಿಮೆ ಅದು.

ಇದೇ ಜನ ಬೆಂಕಿಯನ್ನು ಹಬ್ಬವಾಗಿಯೂ ಕರೆದುಕೊಂಡರು. ಕಾಮನನ್ನು ಸುಡುವುದು ಬಯಲಿನಲ್ಲಿ. ಮೊಹರಮ್ಮಿನ ಅಲಾಯಿ ಕುಣಿಯನ್ನು ಊರ ನಡುವೆ ತೋಡಿದರೂ ಬೆಂಕಿ ಗುಂಡಿಯೊಳಗೇ ಇರಬೇಕು, ಮೇಲೆ ಬರಬಾರದು. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಆ ಕುಣಿಯ ಸುತ್ತ ಹಿಂದೂಗಳೂ ಮುಸಲ್ಮಾನರೂ ಸೇರಿಯೇ ಹೆಜ್ಜೆ ಹಾಕುತ್ತಾರೆ. ಬೆಂಕಿಯನ್ನು ಎಲ್ಲಿಡಬೇಕು, ಎಷ್ಟು ಹೊತ್ತು ಇಡಬೇಕು, ಯಾರು ಮುಂದೆ ನಿಂತು ನೋಡಿಕೊಳ್ಳಬೇಕು ಎಂಬುದು ಎಲ್ಲರಿಗೂ ಗೊತ್ತು.

ಹಳೆಯ ಏರ್ಪಾಡನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ತಳವಾರಿಕೆ, ತೋಟಿತನಗಳು ಹುಟ್ಟಿನಿಂದ ಹೆಗಲಿಗೆ ಬೀಳುತ್ತಿದ್ದ ದುಡಿಮೆ. ನಡುರಾತ್ರಿ ಎದ್ದು ಓಡುವ ಕಷ್ಟ ಕೆಲವೇ ಜಾತಿಗಳದು, ಉಳಿದ ಸೊತ್ತು ಬೇರೆಯವರದು. 1961ರ ಕಾಯಿದೆಯಿಂದ ಈ ವಂಶಪಾರಂಪರ್ಯ ಗ್ರಾಮಸೇವೆಗಳು ರದ್ದಾದವು, ರದ್ದಾಗಬೇಕಾಗಿತ್ತು ಕೂಡ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1964ರಲ್ಲಿ, ರಾಜ್ಯದ ಅಗ್ನಿಶಾಮಕ ದಳದ ಕಾಯಿದೆ ಬಂತು. ಎರಡನ್ನೂ ಒಟ್ಟಿಗೆ ಇಟ್ಟು ಯಾರೂ ಓದಿದಂತಿಲ್ಲ. ಊರಿನ ಋಣವಾಗಿದ್ದದ್ದು ಮೂರೇ ವರ್ಷಗಳ ಅಂತರದಲ್ಲಿ ಇಲಾಖೆಯ ಕರ್ತವ್ಯವಾಯಿತು.

ದಳ ಅದಕ್ಕೂ ಹಳೆಯದು. 1942ರಲ್ಲಿ, ಮಹಾಯುದ್ಧದ ನಡುವೆ, ಬೆಂಗಳೂರಿನಲ್ಲಿ ಪೊಲೀಸ್ ಇಲಾಖೆಯ ಅಂಗವಾಗಿ ಅದು ಆರಂಭವಾಯಿತು. 1965ರ ನವೆಂಬರ್ 5ರಂದು ಸ್ವತಂತ್ರ ಇಲಾಖೆಯಾಯಿತು. ಹೊಸಪೇಟೆ ಸೇರಿದಂತೆ ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಮೈಸೂರಿಗೆ ಬೆಂಕಿ ಪಾಠ ಕಲಿಸಿದ್ದು ಇನ್ನೂ ಮೊದಲು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲಿ ಮರದ ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಮುಗಿದ ಹೊಸ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳಿಗೆ ಪ್ರಾಶಸ್ತ್ಯ ಸಿಕ್ಕಿದ್ದು ಬರಿಯ ಅಲಂಕಾರಕ್ಕಲ್ಲ. ವಿಜಯನಗರದ ಮಹಾನವಮಿಯನ್ನು ಮುಂದುವರಿಸಿದ ಅರಸು ಮನೆತನ ವಿಜಯನಗರದ ಮರದ ಕಂಬಗಳನ್ನು ಮಾತ್ರ ಅಲ್ಲಿಗೇ ಕೈಬಿಟ್ಟಿತು.

ಈ ಇಲಾಖೆಯವರ ಹೆಸರು ಜನರ ಬಾಯಲ್ಲಿ ಬರುವುದು ದುರಂತಗಳ ದಿನ ಮಾತ್ರ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು 66 ಅಗ್ನಿಶಾಮಕರು ಪ್ರಾಣ ತೆತ್ತರು. ದೇಶದ ಎಲ್ಲ ಠಾಣೆಗಳಲ್ಲಿ ಆ ದಿನವನ್ನು ಸ್ಮರಿಸುತ್ತಾರೆ, ಒಂದು ವಾರ ಶಾಲೆ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಪ್ರಾತ್ಯಕ್ಷಿಕೆ ನಡೆಸುತ್ತಾರೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅಲ್ಲಿಯೂ ಮೇಲಿದ್ದದ್ದು ಹುಲ್ಲಿನಷ್ಟೇ ಬೇಗ ಉರಿಯುವ ಸೂರು.

ಟಿ.ಬಿ. ಡ್ಯಾಂ ಸುತ್ತಲಿನ ಸೀಮೆಯಲ್ಲಿ ಈ ಕೆಲಸಕ್ಕೆ ಬೇರೆಯೇ ಬಣ್ಣವಿದೆ. ಬೇಸಗೆಯಲ್ಲಿ ಕಬ್ಬಿನ ಗದ್ದೆ, ಬಣವೆ, ಸಂಡೂರಿನ ಗುಡ್ಡದ ಒಣಹುಲ್ಲು. ಮಳೆಗಾಲ ಬಂತೆಂದರೆ ಅದೇ ಕೆಂಪು ಗಾಡಿಯವರು ಹಗ್ಗ, ದೋಣಿ ಹಿಡಿದು ಹೊಳೆಯ ದಂಡೆಯಲ್ಲಿರುತ್ತಾರೆ. ಜಲಾಶಯದ ಗೇಟು ಎತ್ತಿದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯ ಸೇತುವೆಯ ಮೇಲೆ ನೀರು ಬರುತ್ತದೆ. ದಂಡೆಯ ಊರುಗಳಲ್ಲಿ ಡಂಗುರ, ಮೈಕು. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರಗೆ ತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಸರಪಣಿ ಹರಿದು ಗೇಟು ಕೊಚ್ಚಿಹೋದಾಗ ಊರಿಗೆ ಊರೇ ಒಂದು ವಾರ ನಿದ್ದೆಗೆಟ್ಟಿತು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಒಂದೊಂದಾಗಿ ಇಳಿಸಿ ನೀರು ನಿಲ್ಲಿಸುವವರೆಗೆ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ಇಲಾಖೆಯ ಹೆಸರಿಗೆ 'ತುರ್ತು ಸೇವೆಗಳು' ಎಂದು ಸೇರಿಸಿದ್ದರ ಅರ್ಥ ಹೊಳೆಯ ದಂಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೂ ನಮ್ಮ ಊರುಗಳಲ್ಲಿ ಠಾಣೆ ಊರಿನ ಕಟ್ಟಡವಾಗಲಿಲ್ಲ. ಅದು ಸರ್ಕಾರಿ ಕಚೇರಿಗಳ ಸಾಲಿನಲ್ಲಿ ಇನ್ನೊಂದು. ಜನ ಅದರೊಳಗೆ ಕಾಲಿಡುವುದಿಲ್ಲ, ಮಕ್ಕಳು ಹೊರಗಿನಿಂದ ಗಾಡಿ ನೋಡುತ್ತಾರೆ. ಬೆಂಕಿ ಬಿದ್ದ ಬೀದಿಯಲ್ಲಿ ಗಾಡಿಗೆ ದಾರಿ ಬಿಡದೆ ಮೊಬೈಲು ಎತ್ತಿ ಹಿಡಿದು ನಿಲ್ಲುವ ಗುಂಪನ್ನು ಕಂಡಾಗ ಕೌಟಿಲ್ಯನ 12 ಪಣ ನೆನಪಾಗುತ್ತದೆ. ಗಾಡಿ ಬರುವವರೆಗಿನ ಆ ಹದಿನೈದಿಪ್ಪತ್ತು ನಿಮಿಷ ಇಂದಿಗೂ ನೆರೆಯವರ ಕೈಯಲ್ಲೇ ಇದೆ, ಯಾವ ಕಾಯಿದೆಯೂ ಅದನ್ನು ಇಲಾಖೆಗೆ ವರ್ಗಾಯಿಸಿಲ್ಲ.

ವರ್ಷಕ್ಕೊಂದು ದಿನ ಮಾತ್ರ ಠಾಣೆಯ ಬಾಗಿಲು ಹಬ್ಬದ ಮನೆಯ ಬಾಗಿಲಿನಂತಾಗುತ್ತದೆ. ಅದು ಆಯುಧಪೂಜೆಯ ದಿನ. ದಿಬ್ಬದ ಮುಂದೆ ಅರಸನ ಕುದುರೆ, ಆನೆಗಳಿಗೆ ನೀರು ಚಿಮುಕಿಸಿ ಹೂವೆರಚಿದ್ದನ್ನು ಪಾಯೆಸ್ ನೋಡಿದ್ದ. ಅದೇ ಮಹಾನವಮಿಯಂದು, ದಿಬ್ಬದಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ದೂರದ ಹೊಸಪೇಟೆಯಲ್ಲಿಯೂ, ನಾಡಿನ ಎಲ್ಲ ಠಾಣೆಗಳಲ್ಲಿಯೂ ಕೆಂಪು ಗಾಡಿಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಏಣಿ, ಕೊಡಲಿ, ಕೊಕ್ಕೆ, ಕೊಳವೆಗಳನ್ನು ಸಾಲಾಗಿಟ್ಟು ಕುಂಕುಮ ಹಚ್ಚುತ್ತಾರೆ. ಚಕ್ರದ ಮುಂದೆ ಬೂದುಗುಂಬಳ ಒಡೆಯುತ್ತಾರೆ. ಅಷ್ಟರಲ್ಲಿ ಫೋನು ಬಂದರೆ ಹಾರ ತೆಗೆಯಲು ಯಾರೂ ನಿಲ್ಲುವುದಿಲ್ಲ, ಬಾಳೆಕಂದಿನ ಸಮೇತ ಗಾಡಿ ಹೊರಡುತ್ತದೆ.